ಕಡವಿನಾಳದ ಹೊಳೆಗೆ ಹೆಸರು ಕೂಗಿದ ದಿನ

ಶ್ರೀ ಕಪ್ಪರಯ್ಯ ಅಜ್ಜನವರ ಪಾದ ಸೋಕಿದ ಹೊಳೆದಂಡೆಗಳು ಎಪ್ಪತ್ತೇಳು ಎಂದು ಬೇರೆ ಸೀಮೆಯವರು ಹೇಳುತ್ತಾರೆ. ನಮ್ಮ ಸೀಮೆಯ ಲೆಕ್ಕದಲ್ಲಿ ನೂರೆಂಟು. ಅದೇ ಸರಿಯಾದ ಲೆಕ್ಕ. ಪೂಜ್ಯರು ಮಠ ಕಟ್ಟಿಸಲಿಲ್ಲ, ಪಲ್ಲಕ್ಕಿ ಏರಲಿಲ್ಲ. ಕೈಯಲ್ಲೊಂದು ಮಣ್ಣಿನ ಕಪ್ಪರ, ಹೆಗಲ ಮೇಲೊಂದು ಕರಿಕಂಬಳಿ, ಅಷ್ಟೇ ಅವರ ಸಂಸಾರ. ದಿನಕ್ಕೊಂದು ಹಿಡಿ ನೆನೆಗಡಲೆ ತಿಂದು ಹದಿನೆಂಟು ಹರದಾರಿ ನಡೆಯುತ್ತಿದ್ದರು. ಅವರ ಬೆನ್ನು ಹತ್ತಿದ ಕುದುರೆ ಸವಾರರು ಮಧ್ಯಾಹ್ನಕ್ಕೇ ಕುದುರೆ ಬದಲಿಸಬೇಕಾಗುತ್ತಿತ್ತು. ಅಂಥ ಮಹಿಮರು ಒಂದು ಶ್ರಾವಣದ ಮುಂಜಾನೆ ಕಡವಿನಾಳದ ದಂಡೆಗೆ ದಯಮಾಡಿಸಿ, ಹರಿಗೋಲಿನ ತೊಗಲು ಒಣಹಾಕುವ ಮುರುಕು ಚಪ್ಪರದ ಕೆಳಗೆ ಕುಳಿತರು. ಹಸಿ ತೊಗಲಿನ ನಾತಕ್ಕೆ ಕಾಗೆ ಕೂಡ ಅಲ್ಲಿ ಕೂಡುತ್ತಿರಲಿಲ್ಲ. ಅಜ್ಜನವರು ಗಂಧ ತೇಯುವ ಗುಡಿಯಲ್ಲಿ ಕುಳಿತವರ ಹಾಗೆ ಕುಳಿತರು.

ಆ ಹೊಳೆಯ ಸಮಾಚಾರವನ್ನು ಮೊದಲು ಹೇಳಿಬಿಡಬೇಕು. ಹದ್ದಿನಗುಡ್ಡದ ಬೆನ್ನಿಗೆ ಎಮ್ಮೆ ಮಲಗಿದಂಥ ಒಂದು ಬಂಡೆ ಇದೆ. ಅದರ ಹೊಟ್ಟೆಯಡಿಯಿಂದ ಕಿರುಬೆರಳಿನಷ್ಟು ನೀರು ಜಿನುಗುತ್ತದೆ. ಅದೇ ಹೊಳೆಯ ಹುಟ್ಟು. ಅಲ್ಲಿಂದ ಮೂಡಲಿಗೆ ಹೊರಟು, ಕರಿಯ ಎರೆಹೊಲಗಳನ್ನು ಕೊರೆದು, ಹನ್ನೊಂದು ಊರುಗಳನ್ನು ಮುಟ್ಟಿ, ಒಂಬತ್ತನೆಯ ಹರದಾರಿಯಲ್ಲಿ ದೊಡ್ಡ ಹೊಳೆಗೆ ಬೀಳುತ್ತದೆ. ಬೇಸಿಗೆಯಲ್ಲಿ ಕೋಳಿಮರಿ ಕಾಲು ನೆನೆಯದಂತೆ ದಾಟೀತು. ಶ್ರಾವಣದಲ್ಲಿ ಆನೆ ಇಳಿದರೆ, ಅದರ ಕೊರಳ ಗಂಟೆ ಮಾತ್ರ ಕೆಳಗಿನ ಊರಿಗೆ ಸಿಕ್ಕೀತು. ಅದನ್ನು ಹಳ್ಳ ಅಂದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ನದಿ ಅಂದರೆ ನಗು ಬರುತ್ತದೆ.

ಈ ಹೊಳೆಗೆ ಸ್ವಂತದ ಹೆಸರಿಲ್ಲ. ಕೊನೆಗೆ ಯಾರನ್ನು ನುಂಗಿತೋ ಅವರ ಹೆಸರೇ ಅದರ ಹೆಸರು, ಇನ್ನೊಬ್ಬರು ಮುಳುಗುವತನಕ. ಹೊಳೆ ಒಂದು ಜೀವ ಒಯ್ದರೆ ಒಂದು ಹೆಸರು ಹೊರಬೇಕು, ಇದು ಹಿರಿಯರು ಅದಕ್ಕೆ ಹಾಕಿದ ಕಟ್ಟಳೆ. ಹೆಸರು ಕೂಗುವ ಹಕ್ಕು ಅಂಬಿಗನ ಮನೆತನದ್ದು. ಹನ್ನೊಂದನೆಯ ದಿನ, ಹೊತ್ತು ಮುಳುಗುವುದರೊಳಗೆ, ಅಂಬಿಗನು ನಡುನೀರಿಗೆ ಇಳಿದು “ಹೊಳೆ ಒಯ್ದದ್ದನ್ನು ಕಣ್ಣಾರೆ ಕಂಡೆ” ಎಂದು ಸಾಕ್ಷಿ ನುಡಿದು, ಸತ್ತವರ ಹೆಸರನ್ನು ಮೂರು ಸಲ ಕೂಗಬೇಕು. ಆಮೇಲೆ ನೀರಿಗೆ ಹೋಗುವವರೆಲ್ಲ ಅದೇ ಹೆಸರು ಹಿಡಿದು ಹೋಗುತ್ತಾರೆ. ಆ ಹೊತ್ತು ಮೀರಿತೋ, ಮುಗಿಯಿತು. ಮತ್ತೆ ಯಾರು ಕೂಗಿದರೂ ಅದು ಹೆಸರಲ್ಲ, ಬರೀ ಗದ್ದಲ.

ಆಗಿನ ಅಂಬಿಗ ಸಣ್ಣೀರಪ್ಪ. ಅವನು ಈ ದಂಡೆಯಲ್ಲಿ ಕೆಮ್ಮಿದರೆ ಮೂರನೆಯ ಊರಿನ ನಾಯಿ ಎದ್ದು ಕೂಡುತ್ತಿತ್ತು, ಅಂಥ ಗಂಟಲು. ಅವನ ಅಪ್ಪ ಜೀವಮಾನದಲ್ಲಿ ಮೂರು ಹೆಸರು ಕೂಗಿದ್ದ. ಸಣ್ಣೀರಪ್ಪ ಕೂಗಿದ್ದು ಒಂದೇ. ಊರಗೌಡ ಪಂಪನಗೌಡನ ತಮ್ಮ ಅಮರೇಗೌಡ, ಏಳು ವರ್ಷದ ಹಿಂದೆ, ಕುಡಿದು ಪಂಥ ಕಟ್ಟಿ ಈಸಲು ಹೋಗಿ ಮುಳುಗಿದ್ದ. ಅಂದಿನಿಂದ ಅದು ಅಮರೇಗೌಡನ ಹೊಳೆ. ಗೌಡರ ಮನೆಗೆ ಅದೊಂದು ಹೆಮ್ಮೆ. ಬದುಕಿದ್ದಾಗ ಒಂದು ಕೊಡ ನೀರು ಹೊರದವನ ಹೆಸರಿನಲ್ಲಿ ಹನ್ನೊಂದು ಊರು ನೀರು ಕುಡಿಯುತ್ತಿತ್ತು.

ಅಜ್ಜನವರು ಬಂದು ಕುಳಿತದ್ದು ಅಂಥದೊಂದು ಹನ್ನೊಂದನೆಯ ದಿನ. ಆದರೆ ಊರಲ್ಲಿ ಯಾರೂ ಅದನ್ನು ಹನ್ನೊಂದನೆಯ ದಿನ ಎಂದು ಒಪ್ಪಿರಲಿಲ್ಲ. ಒಬ್ಬ ಹೆಣ್ಣುಮಗಳನ್ನು ಬಿಟ್ಟು.

ಆಕೆ ಕೆಳಗೇರಿಯ ಲಚಮವ್ವ. ಸಣ್ಣೀರಪ್ಪನ ಹರಿಗೋಲಿಗೆ ಹೊದಿಸಿದ ಎಮ್ಮೆಯ ತೊಗಲನ್ನು ಹದ ಮಾಡಿದವನು ಆಕೆಯ ಗಂಡ. ಸುಣ್ಣದ ನೀರಲ್ಲಿ ತಿಕ್ಕಿ ತೊಳೆದವಳು ಆಕೆ. ಆದರೆ ಆ ತೊಗಲಿನ ಮೇಲೆ ಅವರು ಕೂಡುವಂತಿರಲಿಲ್ಲ. ಎಲ್ಲರೂ ದಾಟಿದ ಮೇಲೆ ಕೊನೆಯ ಸರತಿಗೆ, ಹರಿಗೋಲಿನ ಅಂಚು ಹಿಡಿದು ನೀರಲ್ಲೇ ತೇಲಿಕೊಂಡು ಬರಬೇಕು. ಹೊಳೆ ದಾಟಿಸುವ ಕಡವಿನ ಕಟ್ಟಳೆ ಅದು. ಸಣ್ಣೀರಪ್ಪ ಮಾಡಿದ್ದಲ್ಲ, ಮುರಿದದ್ದೂ ಇಲ್ಲ.

ಲಚಮವ್ವನಿಗೆ ಎರಡು ಕೂಸು ಸತ್ತ ಮೇಲೆ ಮೂರನೆಯದು ಹೆಣ್ಣು ಹುಟ್ಟಿತ್ತು. ಇದಾದರೂ ಉಳಿಯಲಿ ಎಂದು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಉರುಳಾಡಿಸಿ, ತಿಪ್ಪವ್ವ ಎಂದು ಹೆಸರಿಟ್ಟಿದ್ದಳು. ಸಾವಿಗೆ ಹೇಸಿಗೆ ಬರಲಿ, ಮುಟ್ಟದಿರಲಿ ಎಂದು ಬಡವರು ಮಾಡುವ ಉಪಾಯ. ಹುಡುಗಿ ಉಳಿಯಿತು, ಬೆಳೆಯಿತು, ಹದಿನಾರು ತುಂಬಿತು.

ಹತ್ತು ದಿನದ ಹಿಂದೆ ತಿಪ್ಪವ್ವ ಆಚೆ ದಂಡೆಯ ಸಜ್ಜಿಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಮಧ್ಯಾಹ್ನ ಗುಡ್ಡದ ಕಡೆ ಮಳೆಯಾಗಿ ಹೊಳೆ ಏರಿತು. ಸಣ್ಣೀರಪ್ಪ ನಾಲ್ಕು ಸರತಿ ಮಂದಿಯನ್ನು ದಾಟಿಸಿದ. ಪ್ರತಿ ಸರತಿಗೂ ಹುಡುಗಿ ಮುಂದೆ ಬಂದಳು, ಪ್ರತಿ ಸರತಿಗೂ ಇವನು “ಕಡೀಕ, ಕಡೀಕ” ಎಂದ. ಕೊನೆಯ ಸರತಿಗೆ ಪಂಪನಗೌಡನ ಕಾಳಗದ ಟಗರು ಬಂತು. ಅದನ್ನು ಒಳಗೆ ಕೂರಿಸಿದ. ಹುಡುಗಿ ಅಂಚು ಹಿಡಿದಳು. ನಡುನೀರಿಗೆ ಬಂದಾಗ ಸೆಳವು ಜಗ್ಗಿತು. ಟಗರು ಬೆದರಿ ಎದ್ದು ನಿಂತಿತು. ಹರಿಗೋಲು ಒಂದು ಮಗ್ಗುಲಿಗೆ ವಾಲಿ ನೀರು ಒಳನುಗ್ಗಿತು. ಗೌಡನ ಟಗರು ಹೋದರೆ ತನ್ನ ಕಡವು ಹೋಯಿತು ಎಂಬುದೊಂದೇ ಸಣ್ಣೀರಪ್ಪನ ತಲೆಯಲ್ಲಿ. “ಕೈ ಬಿಡ, ಬಿಡ ಕೈ!” ಎಂದು ಒದರಿದ. ಬಿಟ್ಟರೆ ಎಲ್ಲಿಗೆ ಹೋದಾಳು? ಅವಳು ಇನ್ನೂ ಬಿಗಿ ಹಿಡಿದಳು. ಇವನು ಹುಟ್ಟು ಎತ್ತಿ ಆ ಬೆರಳುಗಳ ಮೇಲೆ ಹೊಡೆದ. ಒಂದು ಸಲ ಅಲ್ಲ, ಎರಡು ಸಲ.

ಟಗರು ಸುಖವಾಗಿ ದಂಡೆ ಸೇರಿತು. ಮೊದಲು ದಾಟಿದವರೆಲ್ಲ ಮನೆ ಸೇರಿದ್ದರು, ಕಂಡವರು ಯಾರೂ ಇರಲಿಲ್ಲ. ಹೆಣವೂ ಸಿಗಲಿಲ್ಲ. ಊರವರು ಕೇಳಿದಾಗ ಸಣ್ಣೀರಪ್ಪ “ನಾ ನೋಡಿಲ್ಲ” ಎಂದ. ಅಂಬಿಗ ನೋಡಿಲ್ಲ ಎಂದ ಮೇಲೆ ಹೊಳೆ ಒಯ್ದಿಲ್ಲ ಎಂದೇ ಅರ್ಥ. ಹೊಳೆ ಒಯ್ಯದಿದ್ದರೆ ಹದಿನಾರರ ಹುಡುಗಿ ಎಲ್ಲಿ ಹೋದಳು? ಊರ ಬಾಯಿಗೆ ಅಷ್ಟು ಸಾಕು. ಯಾರ ಜೊತೆಗೋ ಓಡಿಹೋದಳು ಎಂದಾಯಿತು. ಲಚಮವ್ವ ಅಂದಿನಿಂದ ದಂಡೆ ಬಿಟ್ಟು ಎದ್ದಿರಲಿಲ್ಲ.

ಆ ಮುಂಜಾನೆ ಚಪ್ಪರದ ಕೆಳಗೆ ಕಂಬಳಿ ಹೊದ್ದವರನ್ನು ಕಂಡು ಸಣ್ಣೀರಪ್ಪನಿಗೆ ನಗು ಬಂತು. ಸಾಧುಗಳೆಂದರೆ ಅವನಿಗೆ ಅಷ್ಟಕ್ಕಷ್ಟೇ. ಎಂಥ ಕಾವಿ ಉಟ್ಟವರೂ ಮೂಗಿಗೆ ನೀರು ಬಂದರೆ ಮಂತ್ರ ಮರೆತು ‘ಯವ್ವಾ’ ಅನ್ನುತ್ತಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

“ಏನ್ರಿ ಅಜ್ಜಾರ, ದಾಟೋದೈತೇನು? ಇಲ್ಲಾ ತೊಗಲಿನ ವಾಸನಿ ಕುಡದು ಹೊಟ್ಟಿ ತುಂಬಿಸ್ಕೊಳ್ಳೋದೈತೇನು?”

“ದಾಟೋದೈತಿ,” ಎಂದರು ಅಜ್ಜನವರು. “ಈ ಹೊಳೀ ಹೆಸರೇನಪ್ಪ?”

“ಅಮರೇಗೌಡನ ಹೊಳಿ.”

“ಅದು ಹಳೇ ಹೆಸರು.”

ಸಣ್ಣೀರಪ್ಪ ತಿರುಗಿ ಲಚಮವ್ವನ ಕಡೆ ನೋಡಿದ. ಯಾರಾದರೂ ಹೇಳಿರಬೇಕು ಎಂದುಕೊಂಡ. ಯಾರು ಹೇಳಿಯಾರು? ತಾನು ನೋಡಿಲ್ಲ ಎಂದದ್ದನ್ನು ಅಲ್ಲಗಳೆಯುವ ನಾಲಗೆ ಊರಲ್ಲೇ ಇರಲಿಲ್ಲ. ಹರಿಗೋಲು ಹೂಡಲು ಹೋದ. ಅಜ್ಜನವರು ಏಳಲಿಲ್ಲ. “ಹೊತ್ತೈತಿ,” ಎಂದರು. ಸಣ್ಣೀರಪ್ಪ ಕಪ್ಪರದಲ್ಲಿ ಹೊಳೆಯ ನೀರು ತುಂಬಿ ತಂದುಕೊಟ್ಟರೆ ಮುಟ್ಟಲೂ ಇಲ್ಲ.

ಮಧ್ಯಾಹ್ನ ಪಂಪನಗೌಡನೇ ನಾಲ್ಕು ಆಳುಗಳೊಡನೆ ದಂಡೆಗೆ ಬಂದು ಬೇವಿನ ಕಟ್ಟೆಯ ಮೇಲೆ ಕುಳಿತ. ಹೊಳೆಗೆ ತಮ್ಮನ ಹೆಸರೇ ಉಳಿಯಲು ಈ ದಿನವೊಂದು ಸುಮ್ಮನೆ ಕಳೆದುಹೋದರೆ ಸಾಕೆಂದು ಕಾಯಲು ಬಂದವನು. ಲಚಮವ್ವ ಗೌಡನತ್ತ ತಿರುಗಲಿಲ್ಲ. ಅಂಬಿಗನ ಕಡೆಗೇ ಕೈಯೆತ್ತಿದಳು.

“ಸಣ್ಣೀರಪ್ಪಣ್ಣ, ನಿನ್ನ ಕಾಲ ಹಿಡೀತೀನಿ. ಒಂದ ಮಾತು ಹೇಳು. ನನ್ನ ಮಗಳು ಹೊಳ್ಯಾಗ ಹೋದ್ಲೋ, ಗಾಳ್ಯಾಗ ಹೋದ್ಲೋ?”

“ನನಗೇನ ಗೊತ್ತು ಬೇ? ನಾ ನೋಡಿಲ್ಲಂತ ನೂರ ಸಲ ಹೇಳೀನಿ.”

“ನಿನ್ನ ಹರಿಗೋಲಿಗೇ ಅಲ್ಲೇನು ಅಕಿ ಕಾಯಾಕತ್ತಿದ್ದು? ಆಚೀ ದಂಡಿ ಮಂದಿ ನೋಡ್ಯಾರ.”

ಗೌಡ ಎಲೆ ಅಡಿಕೆ ಉಗುಳಿದ. “ಏ ಲಚಮಿ, ಕಾಯಾಕತ್ತಿದ್ದು ಹರಿಗೋಲಿಗೋ ಯಾವನಿಗೋ, ಕೇಳಿಕೊಂಡು ಬಾ ಹೋಗು. ಬರೋ ವರ್ಸ ಮಮ್ಮಗನ್ನ ಎತ್ತಿಕೊಂಡು ಬರ್ತಾಳ, ಆವಾಗ ಜೋಗುಳ ಹಾಡುವಂತಿ.”

ಆಳುಗಳು ನಕ್ಕರು.

“ಅಲ್ರೋ,” ಗೌಡ ಅವರತ್ತ ತಿರುಗಿದ, “ದೇವರ ಮಜ್ಜನಕ್ಕ ಒಯ್ಯೋ ನೀರು ಇದು. ನಾಳೆ ಪೂಜಾರಿ ಕೊಡ ಹೊತ್ತು ‘ತಿಪ್ಪಿ ಹೊಳೀಗೆ ಹೊಂಟೀನ್ರಿ’ ಅಂದರ ದೇವರು ಗುಡಿ ಬಿಟ್ಟು ಓಡಿಹೋಗ್ತಾನೋ ಇಲ್ಲೋ?”

ಇನ್ನೊಂದು ಸಲ ನಕ್ಕರು. ಸಣ್ಣೀರಪ್ಪನೂ ನಗಲು ಹೋದ. ಆಗದೆ ಹರಿಗೋಲಿನೊಳಗಿನ ನೀರು ತೋಡತೊಡಗಿದ. ಲಚಮವ್ವ ಅಳಲಿಲ್ಲ. ಸೂರ್ಯನನ್ನು ನೋಡಿದಳು, ಎಷ್ಟು ಹೊತ್ತು ಉಳಿದಿದೆ ಎಂದು.

ಬಿಸಿಲು ಇಳಿದು ನೀರು ತಾಮ್ರದ ಬಣ್ಣಕ್ಕೆ ತಿರುಗಿದಾಗ ಅಜ್ಜನವರು ಎದ್ದರು. “ನಡಿಯಪ್ಪ,” ಎಂದರು. ಸಣ್ಣೀರಪ್ಪ ಹರಿಗೋಲನ್ನು ನೀರಿಗೆ ತಳ್ಳಿ, ಒಳಗೆ ಹುಲ್ಲು ಹಾಸಿ, “ಕೂಡ್ರಿ ಅಜ್ಜಾರ” ಎಂದ.

ಪೂಜ್ಯರು ಕೂಡಲಿಲ್ಲ. ಕಂಬಳಿ ಕಪ್ಪರಗಳನ್ನು ಲಚಮವ್ವನ ಮಗ್ಗುಲಲ್ಲಿ ಇಟ್ಟು, ಸೊಂಟದ ಮಟ ನೀರಿಗೆ ಇಳಿದು, ಹರಿಗೋಲಿನ ಅಂಚು ಹಿಡಿದುಕೊಂಡರು.

“ಅಯ್ಯಯ್ಯ, ಇದೇನ್ರಿ! ಒಳಗ ಬರ್ರಿ, ಸೆಳವು ಭಾಳ ಐತಿ.”

“ನಾವು ಅಂಚು ಹಿಡದ ಬರ್ತೀವಿ.”

ಕಟ್ಟೆಯ ಮೇಲಿನ ನಗು ನಿಂತಿತು. ಗೌಡನಿಗೂ ಏನೋ ಸರಿಬರಲಿಲ್ಲ. ಸ್ವಾಮಿಗಳ ಮಾತು ಮೀರುವ ಧೈರ್ಯ ಯಾರಿಗೂ ಇಲ್ಲದೆ ಹರಿಗೋಲು ಹೊರಟಿತು.

ಖಾಲಿ ಹರಿಗೋಲು. ಹಿಡಿದವರು ಹಿಡಿ ಕಡಲೆಯ ಮೇಲೆ ಬದುಕುವ ಮುಪ್ಪಿನ ಶರೀರ. ಆದರೂ ಹತ್ತು ಮಾರು ಹೋಗುವಷ್ಟರಲ್ಲಿ ಸಣ್ಣೀರಪ್ಪನ ತೋಳು ಸೋತವು. ಆರು ಜೋಡಿ ಎತ್ತು ಕಟ್ಟಿ ಹಿಂದಕ್ಕೆ ಎಳೆದಂಥ ಭಾರ. ನಡುನೀರಿನಲ್ಲಿ ಹರಿಗೋಲು ನಿಂತೇಬಿಟ್ಟಿತು. ಸುತ್ತ ಪ್ರವಾಹ ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಓಡುತ್ತಿದೆ. ಹರಿಗೋಲು ಮಾತ್ರ ಸುತ್ತಲಿಲ್ಲ, ಸರಿಯಲಿಲ್ಲ, ನೆಲಕ್ಕೆ ಹೂತ ನೀರಿನ ಬಾನಿಯ ಹಾಗೆ ನಿಂತಿತು. ಎರಡೂ ದಂಡೆಯ ಮೇಲಿದ್ದ ಮಂದಿ ಇದನ್ನು ಕಂಡಿದ್ದಾರೆ. ಅವರ ಮಕ್ಕಳು ಇಂದಿಗೂ ಹೇಳುತ್ತಾರೆ.

ಹರಿಗೋಲು ಒಂದು ಮಗ್ಗುಲಿಗೆ ವಾಲತೊಡಗಿತು. ನೀರು ಒಳನುಗ್ಗಿತು. ಸಣ್ಣೀರಪ್ಪನಿಗೆ ಆ ವಾಲಾಟ ಗೊತ್ತಿತ್ತು, ಆ ಜಾಗವೂ ಗೊತ್ತಿತ್ತು.

“ಭಾರ ಆತೇನಪ್ಪ?” ಎಂದರು ಅಜ್ಜನವರು.

“ಅಜ್ಜಾರ, ಕೈಮುಗೀತೀನಿ, ಒಳಗ ಬರ್ರಿ. ಮುಳುಗ್ತೈತಿ.”

“ಮುಳುಗ್ತೈತಿ ಖರೆ. ಹುಟ್ಟು ಕೈಯಾಗ ಐತಲ್ಲ?” ಪೂಜ್ಯರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. “ಬೆರಳ ಮ್ಯಾಲ ಹೊಡಿ.”

ಸಣ್ಣೀರಪ್ಪ ಅಂಚಿನ ಮೇಲಿದ್ದ ಬೆರಳುಗಳನ್ನು ನೋಡಿದ. ನಾಲ್ಕು ಬೆರಳು, ಒದ್ದೆ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿ. ಅವನು ನೋಡುತ್ತಿದ್ದ ಹಾಗೆಯೇ ಅವುಗಳ ಮೇಲೆ ಅಡ್ಡಲಾಗಿ ಎರಡು ಕಪ್ಪು ಬರೆ ಎದ್ದವು. ಯಾರೂ ಹೊಡೆದಿರಲಿಲ್ಲ. ಹುಟ್ಟು ಅವನ ಮೊಣಕಾಲ ಮೇಲೆಯೇ ಇತ್ತು. ಅವನು ಅದನ್ನು ಹಾವು ಬಿಸಾಡಿದ ಹಾಗೆ ನೀರಿಗೆ ಬಿಸಾಡಿದ. ತಾನೂ ಧುಮುಕಿದ.

ಅಲ್ಲಿ ನೀರೊಳಗೆ ಒಂದು ಬಂಡೆ ಇದೆ. ಅವನ ಕಾಲಿಗೆ ಸಿಕ್ಕಿತು. ಎದೆಮಟ ನೀರಲ್ಲಿ ನಿಂತು, ದಂಡೆಯ ಕಡೆ ಮುಖ ಮಾಡಿದ. ಕಟ್ಟೆಯ ಮೇಲಿಂದ ಗೌಡ ಎದ್ದು “ಏ ಸಣ್ಣೀರ್ಯಾ! ಬಾಯಿ ಮುಚ್ಚು!” ಎಂದು ಒದರುತ್ತಿದ್ದ. ಸೂರ್ಯ ಇನ್ನೂ ನಾಲ್ಕು ಬೆರಳು ಮೇಲಿದ್ದ.

“ಹೊಳಿ ಒಯ್ದದ್ದನ್ನ ಕಣ್ಣಾರೆ ಕಂಡೆ!” ಎಂದು ಕೂಗಿದ. ಕಟ್ಟಳೆಯ ಮಾತು ಅಷ್ಟೇ. ಅದು ಅವನ ಬಾಯಲ್ಲಿ ನಿಲ್ಲಲಿಲ್ಲ. “ಸುಳ್ಳು! ಹೊಳಿ ಒಯ್ದಿಲ್ಲ, ನಾ ಒಯ್ಯಿಸಿದೆ! ಟಗರಿನ ಸಲುವಾಗಿ ಕೂಸಿನ ಬೆರಳ ಮ್ಯಾಲ ಹೊಡದೆ! ಅಂಚು ಹಿಡದಿದ್ಲು, ನಾನಽ ಹೊಡದೆ!”

ಆಮೇಲೆ ಅಪ್ಪ ಕಲಿಸಿದ ರಾಗದಲ್ಲಿ ಮೂರು ಸಲ ಕೂಗಿದ.

“ತಿಪ್ಪವ್ವೋ! ತಿಪ್ಪವ್ವೋ! ತಿಪ್ಪವ್ವೋ!”

ಆ ಕೂಗಿಗೆ ಆಚೆ ದಂಡೆಯ ಕೊಕ್ಕರೆಗಳು ಎದ್ದು ಮತ್ತೆ ಮೂರು ದಿನ ಇಳಿಯಲಿಲ್ಲವಂತೆ. ಹನ್ನೊಂದು ಊರಲ್ಲೂ ನೀರು ಸೇದುತ್ತಿದ್ದ ಹೆಂಗಸರು ಕೊಡ ಹಿಡಿದು ನಿಂತರಂತೆ. ಹರಿಗೋಲು ತಾನಾಗಿ ಹಗುರಾಗಿ, ಅಜ್ಜನವರನ್ನೂ ಅಂಬಿಗನನ್ನೂ ಎಳೆದುಕೊಂಡು, ಹೊರಟ ದಂಡೆಗೇ ಬಂದು ತಾಗಿತು.

ಸಣ್ಣೀರಪ್ಪ ತೊಟ್ಟಿಕ್ಕುತ್ತಾ ಹೋಗಿ ಲಚಮವ್ವನ ಮುಂದೆ ಬಿದ್ದ.

“ಯವ್ವಾ, ಹೆಸರು ಕೂಗಿದೆ.”

ಆಕೆ ಸೆರಗು ಹಿಂದಕ್ಕೆ ಎಳೆದುಕೊಂಡಳು.

“ಕೂಗಿದಿ, ಕೇಳಿದೆ,” ಎಂದಳು. “ಓ ಅಂದ್ಲೇನು?”

ಅಷ್ಟು ಹೇಳಿ ಎದ್ದಳು. ಹತ್ತು ದಿನ ಕುಳಿತ ಮೊಣಕಾಲು ಹಿಡಿದಿದ್ದವು. ಅಜ್ಜನವರು ಕೈ ಕೊಟ್ಟರು. ಆ ಕೈಯ ಬೆರಳುಗಳನ್ನು ಕಂಡು ತನ್ನ ಸೆರಗಿನಿಂದ ಒರೆಸಿ, ಕಪ್ಪು ಬರೆಗಳ ಮೇಲೆ ಉಸಿರು ಊದಿದಳು. ಕೂಸಿಗೆ ಪೆಟ್ಟಾದರೆ ಊದುವ ಹಾಗೆ. ಆಗ ಮಾತ್ರ ಅತ್ತಳು.

ಗೌಡ ಇಳಿದು ಬಂದ. “ಇವತ್ತಿಂದ ಈ ಕಡವು ನಿಂದಲ್ಲ, ನೆನಪಿಟ್ಟುಕೋ. ನನ್ನ ತಮ್ಮನ ಹೆಸರು ಅಳಸೋ ಮಗಾ ಇನ್ನೂ ಹುಟ್ಟಿಲ್ಲ,” ಎಂದು ಹೇಳಿ, ಸ್ವಾಮಿಗಳ ಕಡೆ ತಿರುಗಿಯೂ ನೋಡದೆ ಹೋದ.

ಸಣ್ಣೀರಪ್ಪ ಅಜ್ಜನವರ ಪಾದ ಹಿಡಿದ. “ಯಪ್ಪಾ, ಈ ಪಾಪಕ್ಕೊಂದು ಪರಿಹಾರ ಹೇಳ್ರಿ. ಕಾಶಿಗೆ ಹೋಗಂದರ ಹೋಗ್ತೀನಿ. ಅಕಿ ಕ್ಷಮಾ ಮಾಡೋ ಹಂಗ ನೀವು ಒಂದು ಮಾತು...”

“ಕ್ಷಮಾ ನಮ್ಮ ಕೈಯಾಗ ಇಲ್ಲ,” ಎಂದರು ಪೂಜ್ಯರು. “ಅಕಿ ಮಾಡಬೇಕನ್ನೋ ಕಟ್ಟಳೀನೂ ಇಲ್ಲ.”

ಹೊಳೆಗೆ ಬಾಗಿ ಕಪ್ಪರ ತುಂಬಿಕೊಂಡರು. ಬೆಳಗಿನಿಂದ ಮುಟ್ಟದ ನೀರನ್ನು ಕುಡಿದರು. ಕಂಬಳಿ ಹೆಗಲಿಗೆ ಹಾಕಿ, ದಾಟದೆಯೇ, ಬಂದ ದಾರಿಯಲ್ಲಿ ಹೊರಟುಹೋದರು. ಅವರು ಸಮಾಧಿಸ್ಥರಾಗುವವರೆಗೂ ಬಲಗೈಯ ಬೆರಳುಗಳ ಮೇಲೆ ಆ ಎರಡು ಬರೆ ಇದ್ದವು. ಭಕ್ತರು ಅದನ್ನು ವಿಭೂತಿಯ ಗೆರೆಯೆಂದು ಪೂಜಿಸುತ್ತಿದ್ದರು. ಅದು ಏನೆಂದು ಕಡವಿನಾಳದವರಿಗೆ ಗೊತ್ತು.

ಕಡವಿಗೆ ಗೌಡ ಬೇರೆ ಅಂಬಿಗನನ್ನು ತಂದ. ಸಣ್ಣೀರಪ್ಪ ಕೂಗಿದ್ದು ಹೊತ್ತಿನೊಳಗೇ ಆದರೂ, ಕಾಗದಪತ್ರದಲ್ಲಿ ಗೌಡರ ಮನೆಯವರು ಬರೆಸಿದ ಹೆಸರೇ ಉಳಿಯಿತು. ಗೌಡರ ಓಣಿಯಲ್ಲಿ ಅದು ಇಂದಿಗೂ ಅಮರೇಗೌಡನ ಹೊಳೆ. ಕೆಳಗೇರಿಯಲ್ಲಿ, ಆಚೆ ದಂಡೆಯಲ್ಲಿ, ಕೆಳಗಿನ ಏಳು ಊರುಗಳಲ್ಲಿ ತಿಪ್ಪವ್ವನ ಹೊಳೆ. ಓಡಿಹೋದಳು ಎಂದ ಬಾಯಿಗಳು ಮುಚ್ಚಿದವು. ತಪ್ಪಾಯಿತು ಎಂದು ಮಾತ್ರ ಯಾವ ಬಾಯೂ ಹೇಳಲಿಲ್ಲ.

ಕಾಶಿಗೆ ಹೋಗುತ್ತೇನೆ ಎಂದಿದ್ದ ಸಣ್ಣೀರಪ್ಪ ಎಲ್ಲಿಗೂ ಹೋಗಲಿಲ್ಲ. ಕಡವಿನ ಕೆಳಗೆ, ಸೆಳವು ತಿರುಗುವ ಕಡೆ, ಒಂದು ಗುಡಿಸಲು ಹಾಕಿದ. ಹೊಳೆ ಏರಿದ ದಿನವೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಂಡೆಯ ಮೇಲೆ ನಿಲ್ಲುತ್ತಿದ್ದ. ಇಪ್ಪತ್ತೆರಡು ಮಳೆಗಾಲ ನಿಂತ. ಅಷ್ಟರಲ್ಲಿ ಅವನು ನೀರಿನಿಂದ ಎಳೆದುಹಾಕಿದ್ದು ನಲವತ್ತಮೂರು ಮಂದಿ, ಏಳು ಎತ್ತು, ಒಂದು ಇಡೀ ಮದುವೆಯ ದಿಬ್ಬಣ, ವಾಲಗದವರ ಸಮೇತ. ಅವರಲ್ಲಿ ಪಂಪನಗೌಡನ ಅಳಿಯನೂ ಒಬ್ಬ. ಜನ ಅವನನ್ನು ಪುಣ್ಯವಂತ ಎಂದು ಕೊಂಡಾಡತೊಡಗಿದರು. ಅವನು ಕೆರಳುತ್ತಿದ್ದ.

“ನೀವು ಬದುಕಲಂತ ನಾ ನಿಂತಿಲ್ರೋ,” ಎನ್ನುತ್ತಿದ್ದ. “ನಿಮ್ಮಾಗ ಒಬ್ಬ ಮುಳುಗಿದರ ನಾಳೆ ನಿಮ್ಮ ಹೆಸರು ಕೂಗ್ತಾರ. ಅಕಿ ಹೆಸರು ಹೋಗ್ತೈತಿ.”

ಲಚಮವ್ವ ದಿನವೂ ನೀರಿಗೆ ಬರುತ್ತಿದ್ದಳು. “ತಿಪ್ಪವ್ವನ ಕಡೆ ಹೋಗಿಬರ್ತೀನಿ” ಎಂದು ಕೇರಿಯಲ್ಲಿ ಹೇಳಿ ಬರುತ್ತಿದ್ದಳು. ಅವನ ಗುಡಿಸಲ ಮುಂದೆಯೇ ಹಾದು ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವನ ಸಂಗಡ ಮಾತಾಡಲಿಲ್ಲ. ಅವನೂ ಮಾತಾಡಿಸಲಿಲ್ಲ. ಆಕೆ ಇಳಿಯುವ ಕಡೆ ಪಾಚಿ ಕೆರೆದು, ಕಲ್ಲು ಸರಿಮಾಡಿ ಇಡುತ್ತಿದ್ದ, ಅಷ್ಟೇ.

ಮುಪ್ಪಿನಲ್ಲಿ ಅವನ ಕಣ್ಣು ಮಂಜಾದವು, ಕಾಲು ನಡುಗತೊಡಗಿದವು. ಒಂದು ಮಳೆಗಾಲ ದಂಡೆಯಲ್ಲಿ ಎರಡು ಸಲ ಜಾರಿದ. ಮರುದಿನವೇ ತಂಗಿಯ ಮಗನನ್ನು ಕರೆಸಿ, ಸೊಂಟದ ಹಗ್ಗ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದ. “ಒಬ್ಬರನ್ನೂ ಮುಳುಗಾಕ ಬಿಡಬ್ಯಾಡ, ನನ್ನನ್ನೂ,” ಎಂದ. ಆಮೇಲೆ ತನ್ನನ್ನು ಗಾಡಿಯಲ್ಲಿ ಹಾಕಿ ಹದ್ದಿನಗುಡ್ಡದಿಂದ ಬಹಳ ಆಚೆಯ ಕಲ್ಲುಹೊಲಕ್ಕೆ ಒಯ್ಯಿರೆಂದ. ಅಲ್ಲಿ ಮೂರು ಹರದಾರಿ ಸುತ್ತ ಹೊಳೆಯಿಲ್ಲ, ಹಳ್ಳವಿಲ್ಲ. ಕುಡಿಯುವ ನೀರನ್ನೂ ತಲೆಯ ಮೇಲೆ ಹೊತ್ತು ತರಬೇಕು. ಮಂದಿ ನಕ್ಕರು. ನೀರಲ್ಲಿ ಹುಟ್ಟಿದ ಅಂಬಿಗ ಯಾರಾದರೂ ಅಂಥಲ್ಲಿಗೆ ಸಾಯಲು ಹೋಗುತ್ತಾನೆಯೇ ಎಂದರು.

ಅವನು ಹೋದ. ಆ ಚಳಿಗಾಲ, ಬಿರುಕು ಬಿಟ್ಟ ನೆಲದ ಮೇಲೆ ಹಾಸಿದ ಗೋಣಿಯ ಮೇಲೆ, ಒಣ ನಾಲಗೆಯಲ್ಲಿ ಸತ್ತ. ಕೊನೆಗೆ ಬಾಯಿಗೆ ನೀರು ಬಿಡಲು ಬಂದವರನ್ನು ಕೈಯಿಂದ ತಡೆದು, ಯಾವ ಹೊಳೆಯ ನೀರು ಎಂದು ಕೇಳಿದ.

“ತಿಪ್ಪವ್ವನ ಹೊಳೇದು,” ಎಂದರು.

ಬಾಯಿ ತೆರೆದ.